ಆಗುಂಬೆ ಘಾಟಿಗೆ 22 ಹಲ್ಲು: ಹಳೇ ಕಾಲದ ಟ್ರಿಪಲ್ ಕ್ರ್ಯಾಂಕ್ ಹಾಕಿಸಿ ನೋಡಿದ್ದು

ಈಗ ಇದರ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಪೆಡಲ್ ಹತ್ತಿರ, ಮುಂದೆ, ಮೂರು ಚೈನ್‌ರಿಂಗ್ (ಚೈನ್ ಕೂರುವ ಹಲ್ಲಿನ ಚಕ್ರ) ಇರುವ ಟ್ರಿಪಲ್ ಕ್ರ್ಯಾಂಕ್. ನನ್ನ ಹೈಬ್ರಿಡ್ ಸೈಕಲ್ಲಿಗೆ ಹಾಕಿಸಿದ್ದು ಶಿಮಾನೋ ಅಲಿವಿಯೋ, 40-30-22 ಹಲ್ಲು, 9 ಸ್ಪೀಡ್. ಹಿಂದೆ 11-34 ಕ್ಯಾಸೆಟ್, ಅಂದರೆ ಹಿಂದಿನ ಚಕ್ರದಲ್ಲಿ ಒಂಬತ್ತು ಹಲ್ಲುಚಕ್ರಗಳ ಗೊಂಚಲು, ಅತಿ ಸಣ್ಣದಕ್ಕೆ 11 ಹಲ್ಲು, ಅತಿ ದೊಡ್ಡದಕ್ಕೆ 34. ಕಾರವಾರದಿಂದ ಕರಾವಳಿ ಹಿಡಿದು ಉಡುಪಿಗೆ ಬಂದು, ಆಗುಂಬೆ ಹತ್ತಿ, ಶೃಂಗೇರಿ, ಕೊಪ್ಪ, ಬಾಳೆಹೊನ್ನೂರು, ಚಿಕ್ಕಮಗಳೂರು, ಬೇಲೂರು, ಹಾಸನದ ಮೇಲೆ ಮೈಸೂರಿನ ಮನೆ ಸೇರುವ ಪ್ರವಾಸ ಇತ್ತು. ಅದಕ್ಕೆಂದೇ ಹಾಕಿಸಿದ್ದು. ಕರಾವಳಿಯ ಹೆದ್ದಾರಿಯಲ್ಲಿ ಸಣ್ಣ ರಿಂಗ್ ಸುಮ್ನೆ ಕೂತಿತ್ತು. ಅದರ ಪರೀಕ್ಷೆ ಆಗಿದ್ದು ಉಡುಪಿಯಿಂದ ಶೃಂಗೇರಿಗೆ ಹೋದ ದಿನ. ಹಾಗಾಗಿ ಜಾಸ್ತಿ ಆ ದಿನದ್ದೇ ಹೇಳುತ್ತೇನೆ.

ಅಂಗಡಿಯಲ್ಲಿ ಕೇಳಿದಾಗ ಸಿಕ್ಕ ಉತ್ತರ ನಿಮಗೂ ಸಿಕ್ಕಿರುತ್ತದೆ. "ಟ್ರಿಪಲ್ ಎಲ್ಲ ಹೋಯ್ತು ಸಾರ್, ಈಗ ಮುಂದೆ ಒಂದೇ ರಿಂಗ್. ಕ್ಲೀನಾಗಿ ಕಾಣುತ್ತೆ." ಕಾಣುತ್ತೆ, ನಿಜ. ನನಗೆ ಕಾಣುವುದು ಬೇಕಿರಲಿಲ್ಲ, ಹತ್ತುವುದು ಬೇಕಿತ್ತು. ಕೊನೆಗೆ ಹಳೇ ಮೆಕ್ಯಾನಿಕ್ ಒಬ್ಬರು, "ಸಾಮಾನು ಕಟ್ಟಿಕೊಂಡು ಘಾಟಿ ಹತ್ತೋದಾದ್ರೆ ನೀವು ಕೇಳ್ತಿರೋದೇ ಸರಿ" ಅಂದು ತರಿಸಿ ಹಾಕಿಕೊಟ್ಟರು. ಬಾಟಮ್ ಬ್ರ್ಯಾಕೆಟ್ (ಕ್ರ್ಯಾಂಕ್ ತಿರುಗುವ ಬೇರಿಂಗ್) ಬದಲಿಸಬೇಕಾಯಿತು. ದೊಡ್ಡ ರಿಂಗ್ 48ರಿಂದ 40ಕ್ಕೆ ಇಳಿದಿದ್ದರಿಂದ ಚೈನನ್ನು ರಿಂಗಿಂದ ರಿಂಗಿಗೆ ಸರಿಸುವ ಮುಂದಿನ ಡಿರೇಲರನ್ನೂ ಸ್ವಲ್ಪ ಕೆಳಕ್ಕೆ ತಂದರು. ಹಿಂದಿನ ಡಿರೇಲರ್ ಉದ್ದ ಕೇಜಿನದೇ (ಕೇಜ್ ಅಂದರೆ ಚೈನನ್ನು ಬಿಗಿ ಹಿಡಿಯುವ ತೋಳು) ಇತ್ತು, ಬಚಾವ್. ಮುಂದೆ 18 ಹಲ್ಲಿನ ವ್ಯತ್ಯಾಸ, ಹಿಂದೆ 23, ಒಟ್ಟು 41. ಅಷ್ಟು ಸಡಿಲ ಚೈನನ್ನು ಗಿಡ್ಡ ಕೇಜ್ ಎಳೆದು ಹಿಡಿಯಲಾರದು. ಎಲ್ಲ ಸೇರಿ ಖರ್ಚು ಒಂದು ಸಾಧಾರಣ ಸ್ಮಾರ್ಟ್ ವಾಚಿಗಿಂತ ಕಮ್ಮಿ.

ಈಗ ಲೆಕ್ಕ. ಬೇಡದವರು ಈ ಪ್ಯಾರಾ ಹಾರಿಸಿ. ನನ್ನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಮೊದಲು ಇದ್ದ ಅತಿ ಹಗುರ ಗೇರ್ ಮುಂದೆ 28, ಹಿಂದೆ 32. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 1.9 ಮೀಟರ್ ಹೋಗುತ್ತಿತ್ತು. ಈಗ 22ಕ್ಕೆ 34, ಅಂದರೆ 1.4 ಮೀಟರ್. ನಿಮಿಷಕ್ಕೆ 60 ಸಲ ತುಳಿದರೆ ಮೊದಲಿನದರಲ್ಲಿ ಗಂಟೆಗೆ 7 ಕಿ.ಮೀ., ಈಗಿನದರಲ್ಲಿ 5. ನಾನು, ಸೈಕಲ್ಲು, ಸಾಮಾನು ಎಲ್ಲ ಸೇರಿ ನೂರು ಕೆಜಿ ದಾಟುತ್ತೇವೆ. ನೂರು ಮೀಟರಿಗೆ ಏಳು ಮೀಟರ್ ಏರುವ ಚಡಾವಿನಲ್ಲಿ ಮೊದಲಿನ ಗೇರಿಗೆ ಸುಮಾರು 150 ವ್ಯಾಟ್ ಬೇಕು, ಈಗಿನದಕ್ಕೆ 110 ಸಾಕು. ಐವತ್ತರ ಹತ್ತಿರದ ಮೊಣಕಾಲಿಗೆ ಈ 40 ವ್ಯಾಟಿನ ಬೆಲೆ ಎಷ್ಟು ಅಂತ ಇನ್ನೊಂದು ಐವತ್ತರ ಮೊಣಕಾಲಿಗೇ ಗೊತ್ತು.

ಜೊತೆಗೆ ಬಂದವನು ನನ್ನ ಭಾವಮೈದುನ. ಮೂವತ್ತೆರಡರ ಹುಡುಗ. ಕಾಂಪ್ಯಾಕ್ಟ್ ಕ್ರ್ಯಾಂಕಿನ (ಮುಂದೆ ಎರಡೇ ರಿಂಗ್) ರೋಡ್ ಬೈಕ್, ಅತಿ ಹಗುರ ಗೇರ್ 34ಕ್ಕೆ 28. ಸೀಟಿನ ಹಿಂದೆ ಒಂದು ಬ್ಯಾಗು, ಅಷ್ಟೇ ಸಾಮಾನು. ಹೆದ್ದಾರಿಯುದ್ದಕ್ಕೂ ಅವನು ಮುಂದೆ ಹೋಗಿ, ಯಾವುದಾದರೂ ಸೇತುವೆ ಮೇಲೆ ನಿಂತು ನನಗೆ ಕಾಯುತ್ತಿದ್ದ. ಕಾಯುವಾಗ ಫೋಟೋ ಬೇರೆ ತೆಗೆಯುತ್ತಿದ್ದ.

ಉಡುಪಿಯಿಂದ ಬೆಳಕು ಹರಿಯುವ ಮುಂಚೆ ಹೊರಟೆವು. ಆಗುಂಬೆ ಅಲ್ಲಿಂದ 55 ಕಿ.ಮೀ. ಆಸುಪಾಸು. ಡಿಸೆಂಬರ್ ಆದರೂ ಕರಾವಳಿಯ ಸೆಕೆ ಸೆಕೆಯೇ. ಮಣಿಪಾಲದ ಏರು ಮುಗಿಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಪರ್ಕಳ, ಹಿರಿಯಡ್ಕ, ಪೆರ್ಡೂರು. ಇಲ್ಲೆಲ್ಲ ರಸ್ತೆ ಸ್ವಲ್ಪ ಏರಿ ಸ್ವಲ್ಪ ಇಳಿಯುತ್ತದೆ, 30ರ ನಡು ರಿಂಗ್ ಸಾಕು. ಪೆರ್ಡೂರಿನ ಅನಂತಪದ್ಮನಾಭನಿಗೆ ಬಾಳೆಹಣ್ಣೆಂದರೆ ಇಷ್ಟ, ಭಕ್ತರು ಕೊಡುವುದೂ ಅದನ್ನೇ. ಸೈಕಲ್ಲಿನವರಿಗೆ ಇದಕ್ಕಿಂತ ಒಳ್ಳೆ ದೇವರು ಬೇಕಾ? ಅಲ್ಲೇ ಒಂದು ಚಿಪ್ಪು ಹಣ್ಣು ಕೊಂಡು ಹ್ಯಾಂಡಲ್ ಬ್ಯಾಗಿಗೆ ಹಾಕಿಕೊಂಡೆ. ಹೆಬ್ರಿಯಲ್ಲಿ ಬನ್ಸು, ಸಜ್ಜಿಗೆ-ಅವಲಕ್ಕಿ, ಎರಡು ಲೋಟ ಚಹಾ.

ಸೋಮೇಶ್ವರದಲ್ಲಿ ನೀರು ತುಂಬಿಸಿಕೊಳ್ಳುವಾಗ ಅಂಗಡಿಯವರು ಸೈಕಲ್ಲನ್ನೂ ನನ್ನ ಹೊಟ್ಟೆಯನ್ನೂ ಒಮ್ಮೆ ನೋಡಿದರು. "ಎಂತ ಮಾರಾಯ್ರೇ, ಇಷ್ಟು ಸಾಮಾನು ಕಟ್ಟಿಕೊಂಡು ಘಾಟಿ ಹತ್ತುದಾ? ಮಿನಿ ಬಸ್ಸಿನ ಮೇಲೆ ಹಾಕಿ, ಹತ್ತಿ ಕೂತ್ಕೊಳ್ಳಿ." ಹುಡುಗ ನಕ್ಕ. ನಾನು ನಗಲಿಲ್ಲ.

ಆಗುಂಬೆ ಘಾಟಿಗೆ 14 ಹೇರ್‌ಪಿನ್ ತಿರುವು. ಮೇಲಿನ ಊರು ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ನೀಲಗಿರಿ ಹತ್ತಿದವರು ಇದೇನು ಮಹಾ ಅನ್ನಬಹುದು. ಸರಾಸರಿ ಏರು ಮಹಾ ಅಲ್ಲ, ಒಪ್ಪುತ್ತೇನೆ. ಆದರೆ ಇಲ್ಲಿ ಕಾಲು ಮುರಿಯುವುದು ತಿರುವುಗಳು. ರಸ್ತೆ ಸಣ್ಣದು. ಎಡಕ್ಕೆ ತಿರುಗುವ ಹೇರ್‌ಪಿನ್‌ನಲ್ಲಿ ನಾವು ಹೋಗುವ ಒಳಬದಿಯೇ ಎಲ್ಲಕ್ಕಿಂತ ಕಡಿದು. ಅಗಲವಾಗಿ ತೆಗೆದುಕೊಂಡರೆ ಸುಲಭ, ಆದರೆ ಮೇಲಿಂದ ಏನು ಬರುತ್ತಿದೆ ಅಂತ ಕಾಣುವುದಿಲ್ಲ. ಭಾರಿ ವಾಹನಗಳಿಗೆ ಈ ಘಾಟಿಯಲ್ಲಿ ಬಿಡುವುದಿಲ್ಲ. ಹಾಗಂತ ನಿಶ್ಶಬ್ದವೇನೂ ಅಲ್ಲ. ಮಿನಿ ಬಸ್ಸುಗಳು, ಪ್ರವಾಸದ ಕಾರುಗಳು ಹಾರ್ನ್ ಒತ್ತಿಕೊಂಡೇ ಇಳಿಯುತ್ತವೆ.

ಹುಡುಗ ಮೊದಲ ತಿರುವುಗಳನ್ನು ಎದ್ದು ನಿಂತು ತುಳಿದು ದಾಟಿದ. ನಾನು ಸಣ್ಣ ರಿಂಗಿಗೆ ಇಳಿಸಿ, ಸೀಟಿನ ಮೇಲೆ ಕೂತೇ, ಗಂಟೆಗೆ ಐದೂವರೆಯಲ್ಲಿ ಹೋಗುತ್ತಿದ್ದೆ. ಆ ವೇಗದಲ್ಲಿ ಕಾಡು ಚೆನ್ನಾಗಿ ಕಾಣುತ್ತದೆ. ಒಂದು ಕಡೆ ಮೇಲಿನ ಕೊಂಬೆಯಲ್ಲಿ ಸಿಂಗಳೀಕ ಇತ್ತು. ಕೆಳಗೆ ಕಾರು ನಿಲ್ಲಿಸಿಕೊಂಡವರು ಅದಕ್ಕೆ ಚಿಪ್ಸ್ ಪ್ಯಾಕೆಟ್ ತೋರಿಸುತ್ತಿದ್ದರು. ಅವರಿಗೆ ಏನು ಹೇಳುವುದು, ಉಸಿರಿದ್ದರೆ ತಾನೇ ಹೇಳುವುದು!

ನಾನು ಕೊಟ್ಟ ದುಡ್ಡು ವಸೂಲಾಗಿದ್ದು ಅದಾದ ಮೇಲಿನ ಒಂದು ತಿರುವಿನಲ್ಲಿ. ಒಳಬದಿಯಲ್ಲಿ ಅರ್ಧ ಹತ್ತಿದ್ದೆ. ಮೇಲಿಂದ ಮಿನಿ ಬಸ್ಸು ಬಂತು. ತಿರುಗಿಸಲು ಅದಕ್ಕೆ ಇಡೀ ರಸ್ತೆ ಬೇಕು. ನಿಲ್ಲದೆ ಬೇರೆ ದಾರಿ ಇಲ್ಲ. ಎರಡೂ ಬ್ರೇಕ್ ಹಿಡಿದು, ಎಡಗಾಲು ಚರಂಡಿಯ ಕಲ್ಲಿನ ಮೇಲೆ ಊರಿದೆ. ಬಸ್ಸು ಹೋಯಿತು. ಈಗ ನೂರು ಕೆಜಿಯನ್ನು ನಿಂತಲ್ಲಿಂದ ಆ ಕಡಿದಾದ ಜಾಗದಲ್ಲೇ ಹೊರಡಿಸಬೇಕು. ಸಾಮಾನು ಹಿಂದೆ ಇದ್ದರೆ ಮುಂದಿನ ಚಕ್ರ ಹಗುರಾಗಿ ಅತ್ತಿತ್ತ ಹೋಗುತ್ತದೆ. ಬಲ ಪೆಡಲಿಗೆ ಒಂದು ಅರ್ಧ ಸುತ್ತು ಕೊಟ್ಟು, ಅಷ್ಟರೊಳಗೆ ಎಡಗಾಲು ಪೆಡಲಿಗೆ ಸಿಗದಿದ್ದರೆ ಬೀಳುವುದೇ. ದೊಡ್ಡ ಗೇರಿನಲ್ಲಿ ಆ ಅರ್ಧ ಸುತ್ತು ತಿರುಗುವುದೇ ಇಲ್ಲ. ಅತಿ ಹಗುರ ಗೇರಿನಲ್ಲಿ ತಿರುಗುತ್ತದೆ, ಆದರೆ ಸೈಕಲ್ ಬರೀ 70 ಸೆಂಟಿಮೀಟರ್ ಹೋಗಿ ನಿಂತುಬಿಡುತ್ತದೆ. ಬ್ರೇಕ್ ಹಿಡಿದೇ ಹಿಂದಿನ ಚಕ್ರ ಎತ್ತಿ, ಪೆಡಲ್ ಕೈಯಲ್ಲಿ ತಿರುಗಿಸಿ, ಹಿಂದೆ 26ಕ್ಕೆ ಹಾಕಿಕೊಂಡೆ. 22ಕ್ಕೆ 26. ಅರ್ಧ ಸುತ್ತಿಗೆ 90 ಸೆಂಟಿಮೀಟರ್ ಮೇಲೆ. ಒಂದು ತಳ್ಳು, ಎಡಗಾಲು ಪೆಡಲ್ ಮೇಲೆ, ಇನ್ನೆರಡು ಸುತ್ತು, ಮತ್ತೆ 34ಕ್ಕೆ. ಹೊರಟೆ. ಆಯ್ದುಕೊಳ್ಳಲು ಎರಡು ಮೂರು ಸಣ್ಣ ಗೇರ್ ಇರುವುದರ ಲಾಭ ಇದು. ಒಂದೇ ಒಂದು ಹಗುರ ಗೇರ್ ಇದ್ದರೆ ಇದಾಗುವುದಿಲ್ಲ.

ಹುಡುಗ ಎರಡು ತಿರುವು ಮೇಲೆ ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದ. ಕ್ಲೀಟ್ (ಪೆಡಲಿಗೆ ಸಿಕ್ಕಿಸುವ ಕೊಂಡಿ) ಹಾಕಿದ ಶೂ, ಟಕ್ ಟಕ್ ಸದ್ದು. ನಾನು ಪಕ್ಕದಲ್ಲೇ, ಅವನ ನಡಿಗೆಗಿಂತ ತುಸುವೇ ಜೋರಾಗಿ ದಾಟಿದೆ.

"ಭಾವ, ನಿಮ್ಮ ಹಳೇ ಗಾಡಿ ಮಜಾ ಇದೆ."

"ಬಾಳೆಹಣ್ಣು ಬೇಕೇನೋ?"

"ಕೊಡಿ."

ಸನ್‌ಸೆಟ್ ಪಾಯಿಂಟಿಗೆ ಬಂದಾಗ ಹತ್ತೂವರೆ. ಆ ಹೊತ್ತಿಗೆ ಸೂರ್ಯಾಸ್ತ ಎಲ್ಲಿಂದ ಬರಬೇಕು, ಆದರೂ ಸೆಲ್ಫಿಗೆ ಜನ ಇದ್ದರು. ಮೇಲೆ ಗಾಳಿ ತಣ್ಣಗಿತ್ತು.

ಬಹಳ ಜನ ಘಾಟಿ ಮುಗಿದರೆ ದಿನ ಮುಗಿಯಿತು ಅಂದುಕೊಳ್ಳುತ್ತಾರೆ. ಆಗುಂಬೆಯಿಂದ ಶೃಂಗೇರಿಗೆ ಇನ್ನೂ 25 ಕಿ.ಮೀ. ಮೇಲಿದೆ, ಅದರಲ್ಲಿ ಸಮತಟ್ಟು ಅನ್ನುವುದೇ ಇಲ್ಲ. ಬೇಗಾರಿನ ಕಡೆ ಅಡಿಕೆ ತೋಟಕ್ಕೆ ಇಳಿ, ಹಳ್ಳ ದಾಟು, ಮತ್ತೆ ಹತ್ತು. ನನಗೆ ಕಷ್ಟವಾಗಿದ್ದು ಇಲ್ಲಿ. ಘಾಟಿಯಲ್ಲಿ ಸಣ್ಣ ರಿಂಗಿಗೆ ಹಾಕಿದರೆ ಆಯಿತು, ಬದಲಿಸುವ ಕೆಲಸವಿಲ್ಲ. ಇಲ್ಲಿ ಪ್ರತಿ ಹಳ್ಳಕ್ಕೂ ಮುಂದಿನ ಗೇರ್ ಬದಲಿಸಬೇಕು. ಟ್ರಿಪಲ್‌ನ ದೊಡ್ಡ ತೊಂದರೆ ಇದೇ. ಚಡಾವು ಶುರುವಾಗುವ ಮುಂಚೆ, ಕಾಲಿನ ಒತ್ತಡ ಸಡಿಲಿಸಿ 30ರಿಂದ 22ಕ್ಕೆ ಇಳಿಸಬೇಕು. ತಡ ಮಾಡಿ ಜೋರಾಗಿ ತುಳಿಯುತ್ತಾ ಇಳಿಸಿದರೆ ಚೈನು ಒಳಕ್ಕೆ ಬಿದ್ದು ಫ್ರೇಮಿಗೂ ರಿಂಗಿಗೂ ನಡುವೆ ಸಿಕ್ಕಿಕೊಳ್ಳಬಹುದು. ಮೆಕ್ಯಾನಿಕ್ ಸೀಟ್ ಟ್ಯೂಬಿಗೆ ಚೈನ್ ಬೀಳದ ಹಾಗೆ ಒಂದು ಪ್ಲಾಸ್ಟಿಕ್ ತುಂಡು ಕಟ್ಟಿದ್ದರು. ಚಿಲ್ಲರೆ ದುಡ್ಡಿನ ಸಾಮಾನು. ಟ್ರಿಪಲ್ ಇರುವವರು ಹಾಕಿಸಿಕೊಳ್ಳಿ.

ಒಂದೇ ರಿಂಗಿನವರ ಮಾತೂ ನ್ಯಾಯವಾಗಿ ಹೇಳಬೇಕು. ಮುಂದೆ 32, ಹಿಂದೆ 10-51ರ 12 ಸ್ಪೀಡ್ ಹಾಕಿದರೆ ನನ್ನದಕ್ಕಿಂತ ಕೂದಲೆಳೆಯಷ್ಟು ಹಗುರ ಗೇರೇ ಸಿಗುತ್ತದೆ. ಇಂಥ ಏರಿಳಿತದಲ್ಲಿ ಬಲಗೈ ಒಂದಕ್ಕೇ ಕೆಲಸ, ಅದೂ ಸುಖ. ಆದರೆ ಆ ಕ್ಯಾಸೆಟ್, ಚೈನ್ ಸವೆದಾಗ ಬಿಲ್ ನೋಡಿ. 9 ಸ್ಪೀಡ್ ಚೈನ್ ಜಿಲ್ಲಾ ಕೇಂದ್ರದ ಅಂಗಡಿಯಲ್ಲೂ ಕೇಳಿ ಪಡೆಯಬಹುದು. 9 ಸ್ಪೀಡ್‌ನಲ್ಲೇ 11-42 ಹಾಕಿ, ಮುಂದೆ 32 ಇಟ್ಟರೆ ಸುತ್ತಿಗೆ 1.7 ಮೀಟರ್ ಬರುತ್ತದೆ. ಸಾಮಾನು ಕಮ್ಮಿ ಇದ್ದರೆ ಅದೇ ಸಾಕು. ಸಾಮಾನೇ ಇಲ್ಲದೆ ಭಾನುವಾರ ನಂದಿ ಬೆಟ್ಟ ಹತ್ತಿ ಇಳಿಯುವವರಿಗೆ ಈ 22ರ ಅಗತ್ಯವೇ ಇಲ್ಲ, ಸುಮ್ನೆ ದುಡ್ಡು ಹಾಕಬೇಡಿ.

ಕಳೆದುಕೊಳ್ಳುವುದು ಏನು ಅಂದರೆ ಮೇಲಿನ ವೇಗ. ನಿಮಿಷಕ್ಕೆ 80 ಸಲ ತುಳಿದರೆ 40ಕ್ಕೆ 11ರಲ್ಲಿ ಗಂಟೆಗೆ 38 ಕಿ.ಮೀ. ಬರುತ್ತದೆ. ಅದರ ಮೇಲೆ ಕಾಲು ಗಾಳಿಯಲ್ಲಿ ತಿರುಗಿದ ಹಾಗೆ. ಹೆದ್ದಾರಿಯ ಇಳಿಜಾರಿನಲ್ಲಿ ಹುಡುಗ ನನ್ನನ್ನು ಬಿಟ್ಟು ಹೋಗಿದ್ದು ಹೀಗೇ. ಸಾಮಾನು ಹೊತ್ತವನಿಗೆ ಅದಕ್ಕಿಂತ ವೇಗ ಯಾಕೆ ಬೇಕು ಅನ್ನುವುದು ನನ್ನ ಅಭಿಪ್ರಾಯ, ಅವನದ್ದು ಬೇರೆ.

ಮಧ್ಯಾಹ್ನ ಶೃಂಗೇರಿ ಮಠದಲ್ಲಿ ಊಟಕ್ಕೆ ಕೂತೆವು. ಹುಡುಗ ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಾ, ತನ್ನ ಹಿಂದಿನ ಡಿರೇಲರಿಗೆ 34ರ ಕ್ಯಾಸೆಟ್ ಕೂರುತ್ತದಾ ಅಂತ ಕೇಳಿದ. ಉದ್ದ ಕೇಜ್ ಇದ್ದರೆ ಕೂರುತ್ತೆ, ಇಲ್ಲದಿದ್ದರೆ ಅದನ್ನೂ ಬದಲಿಸು ಅಂದೆ.

ನೀವೂ ಟ್ರಿಪಲ್ ಹಾಕಿಸುವುದಾದರೆ ಒಂದು ಮಾತು. ಸಣ್ಣ ರಿಂಗ್ ಸ್ಟೀಲಿನದೇ ಕೇಳಿ. ಹಲ್ಲು ಕಮ್ಮಿ ಇರುವುದರಿಂದ ಒಂದೊಂದು ಹಲ್ಲಿನ ಮೇಲೂ ಹೊರೆ ಜಾಸ್ತಿ, ಅಲ್ಯೂಮಿನಿಯಂ ಆದರೆ ಬೇಗ ಸವೆಯುತ್ತದೆ. ಬದಲಿಸಿದ ಮೇಲೆ ಚೈನ್ ಉದ್ದವನ್ನು ದೊಡ್ಡ ರಿಂಗ್, ದೊಡ್ಡ ಹಲ್ಲುಚಕ್ರ ಎರಡರ ಮೇಲೂ ಹಾಕಿಸಿಯೇ ನೋಡಿಸಿ. ಆಮೇಲೆ ಅಂಗಡಿಯ ಮುಂದಿನ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಸರಿಯಿದೆ ಅನ್ನಬೇಡಿ. ಸಾಮಾನು ಕಟ್ಟಿ, ಹತ್ತಿರದ ಯಾವುದಾದರೂ ಏರಿನ ನಡುವೆ ನಿಲ್ಲಿಸಿ, ಅಲ್ಲಿಂದಲೇ ಹೊರಟು ನೋಡಿ.