ಬೆಂಗಳೂರು ಜೆ.ಸಿ. ರೋಡಿನ ಸೀಟ್ ಕವರ್ ಅಂಗಡಿ: ಹೊಲಿಗೆ ಚೆಂದ, ಏರ್‌ಬ್ಯಾಗ್ ಗತಿ ಏನು?

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯವರ ಕೆಲಸ ಚೆನ್ನಾಗಿದೆ. ಕವರ್ ಎಲ್ಲೂ ಸುಕ್ಕುಗಟ್ಟಿಲ್ಲ, ಮೂಲೆಯಲ್ಲಿ ದಾರ ಎದ್ದಿಲ್ಲ, ಬಿಸಿಲಲ್ಲಿ ನಿಲ್ಲಿಸಿದರೂ ರೆಕ್ಸಿನ್ ವಾಸನೆ ಹೊಡೆಯುವುದಿಲ್ಲ. ಆದರೂ ಐದಕ್ಕೆ ಮೂರೇ ಸ್ಟಾರ್. ಅಂಗಡಿಯ ಹೆಸರು ಬರೆಯುವುದಿಲ್ಲ. ಅಕ್ಕಪಕ್ಕದ ಅಂಗಡಿಗಳಲ್ಲಿ ಏರ್‌ಬ್ಯಾಗ್ ಬಗ್ಗೆ ವಿಚಾರಿಸಿದಾಗಲೂ ಹೆಚ್ಚುಕಮ್ಮಿ ಇವರು ಹೇಳಿದ ಮಾತನ್ನೇ ಕೇಳಿದೆ. ಒಬ್ಬರನ್ನೇ ಬೈದು ಏನು ಪ್ರಯೋಜನ?

ನಮ್ಮದು ಚಿಕ್ಕ ಹ್ಯಾಚ್‌ಬ್ಯಾಕ್. ಆರು ಏರ್‌ಬ್ಯಾಗ್ ಇವೆ. ಮುಂದೆ ಎರಡು, ಮುಂದಿನ ಸೀಟುಗಳ ಬೆನ್ನಿನ ಹೊರಪಕ್ಕದಲ್ಲಿ ಎರಡು, ಕಿಟಕಿಯ ಮೇಲಿಂದ ಇಳಿಯುವ ಕರ್ಟನ್ ಎರಡು. ಈ ಆರಕ್ಕೋಸ್ಕರವೇ ಮೇಲಿನ ವೇರಿಯಂಟ್ ತೆಗೆದುಕೊಂಡೆವು. ಅಷ್ಟು ದುಡ್ಡು ಕೊಟ್ಟು ತಂದ ಮೇಲೆ, ಅವುಗಳ ಮೇಲೆ ಏನು ಹೊದಿಸುತ್ತಾರೆ ಅಂತ ಕೇಳಬೇಕು ಅಲ್ವಾ?

ಮಾಲೀಕರು ಬಕೆಟ್ ಫಿಟ್ ಕವರ್, ಅಂದರೆ ಸೀಟಿನ ಆಕಾರಕ್ಕೇ ಬಿಗಿಯಾಗಿ ಕೂರುವ ಕವರ್ ತೋರಿಸಿದರು. ಪಕ್ಕದಲ್ಲಿ ‘ಏರ್‌ಬ್ಯಾಗ್’ ಅಂತ ಪುಟ್ಟ ಪಟ್ಟಿ ಹೊಲಿದಿತ್ತು. “ಎಲ್ಲಾ ಏರ್‌ಬ್ಯಾಗ್ ಕಂಪ್ಯಾಟಿಬಲ್ ಮೇಡಂ, ಟೆನ್ಷನ್ ಬೇಡ” ಅಂದರು. ನಾನು ಮೂವತ್ತು ವರ್ಷ ಹೊಲಿಗೆ ಮೆಷಿನ್ ತುಳಿದವಳು. ಕವರನ್ನು ತಿರುಗಿಸಿ ಒಳಮಗ್ಗುಲು ನೋಡಿದೆ. ಪಟ್ಟಿ ಇದ್ದ ಜಾಗದಲ್ಲೂ ಉಳಿದ ಕಡೆಯ ಹಾಗೇ ಗಟ್ಟಿ ನೈಲಾನ್ ದಾರ, ಡಬಲ್ ಹೊಲಿಗೆ. ಅದು ಹರಿಯುವುದು ಹೇಗೆ?

ಪಕ್ಕದ ಏರ್‌ಬ್ಯಾಗ್ ಸೀಟಿನ ಒಳಗಿಂದ ಬಟ್ಟೆ ಸೀಳಿಕೊಂಡು ಹೊರಬರಬೇಕು. ಎದುರಿನ ಡಿಕ್ಕಿಯಾದರೆ ಮುಂದೆ ಬಾನೆಟ್, ಎಂಜಿನ್ ಎಲ್ಲ ನುಗ್ಗಾಗುವಷ್ಟು ಜಾಗ ಇರುತ್ತದೆ. ಪಕ್ಕದಿಂದ ಗುದ್ದಿದರೆ ನಿಮಗೂ ಆ ಕಡೆಯ ಗಾಡಿಗೂ ನಡುವೆ ಇರುವುದು ಒಂದು ಬಾಗಿಲು, ಅಷ್ಟೇ. ಅದಕ್ಕೇ ಈ ಚೀಲಕ್ಕೆ ಸಿಗುವ ಸಮಯ ಇನ್ನೂ ಕಡಿಮೆ, ಸೆಕೆಂಡಿನ ನೂರನೇ ಒಂದೆರಡು ಪಾಲು. ಅಷ್ಟರಲ್ಲಿ ಕವರ್ ತಡೆದು ನಿಲ್ಲಿಸಿದರೆ ಚೀಲ ತಡವಾಗಿ ಬರಬಹುದು, ಬೇರೆ ದಿಕ್ಕಿಗೆ ತಿರುಗಬಹುದು. ಸರಿಯಾಗಿ ಮಾಡಿದ ಕವರಿನಲ್ಲಿ ಆ ಭಾಗಕ್ಕೆ ಮಾತ್ರ ಬೇಗ ಹರಿಯುವ ಬೇರೆ ದಾರ ಹಾಕಿ ಹೊಲಿದಿರುತ್ತಾರೆ, ಇಲ್ಲವೇ ಆ ಜಾಗವನ್ನೇ ತೆರೆದು ಬಿಟ್ಟಿರುತ್ತಾರೆ.

ಮಾಲೀಕರು ಇದನ್ನು ಕೇಳಿ ನಕ್ಕರು. ಕವರ್ ಹಾಕುವ ಹುಡುಗ ನಗಲಿಲ್ಲ. ಒಳಗೆ ಹೋಗಿ ಇನ್ನೊಂದು ಸೆಟ್ ತಂದ. “ಅಮ್ಮಾ, ಇದು ಸೈಡ್ ಓಪನ್ ಬರತ್ತೆ, ನೋಡಿ. ಯಾರೂ ಕೇಳಲ್ಲ, ಅದಕ್ಕೇ ಒಳಗಿಟ್ಟಿರ್ತೀವಿ” ಅಂದ. ಅದನ್ನೇ ಹಾಕಿಸಿದೆ, 7,500 ರೂಪಾಯಿ. ನೋಡಲು ಸ್ವಲ್ಪ ಅರ್ಧಂಬರ್ಧ ಅನಿಸುತ್ತದೆ, ಕಂಪನಿಯ ಬಟ್ಟೆ ಒಂದು ಪಟ್ಟಿಯಷ್ಟು ಕಾಣುತ್ತದೆ. ಕಾಣಲಿ ಬಿಡಿ. ಕವರ್ ಎಳೆದು ಕಟ್ಟುವಾಗ ಸೀಟಿನ ಕೆಳಗಿನ ಹಳದಿ ವೈರಿಗೆ ಕೈ ತಾಗದ ಹಾಗೆ ನೋಡಿಕೊಂಡ. ಅದು ಏರ್‌ಬ್ಯಾಗ್ ವೈರು. ಕೆಲಸ ಮುಗಿದ ಮೇಲೆ ನನ್ನನ್ನೇ ಕೂರಿಸಿ ಇಗ್ನಿಷನ್ ಆನ್ ಮಾಡಿಸಿದ. ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಿತು. ಆರದೆ ಉಳಿದರೆ ಎಲ್ಲೋ ಕನೆಕ್ಷನ್ ತಪ್ಪಿದೆ ಅಂತ ಅರ್ಥ. ದುಡ್ಡು ಕೊಡುವ ಮುಂಚೆ ನೀವೂ ಹೀಗೇ ನೋಡಿಕೊಳ್ಳಿ.

ನನ್ನ ಸ್ವಂತ ತೊಂದರೆ ಬೇರೆ. ನಾನು ಕುಳ್ಳಿ, ಐದಡಿಗೂ ಕಡಿಮೆ. ಪೆಡಲ್ ಎಟುಕಬೇಕಾದರೆ ಸೀಟು ಮುಂದಕ್ಕೆ ಎಳೆದುಕೊಳ್ಳಲೇಬೇಕು. ಇದನ್ನು ನೋಡಿದ ಮಾಲೀಕರು ಬೆನ್ನಿಗೆ ದಪ್ಪ ದಿಂಬು ತೋರಿಸಿದರು. “ಆರಾಮಾಗಿರತ್ತೆ ಮೇಡಂ, ಲಾಂಗ್ ಡ್ರೈವಿಗೆ.” ಆರಾಮೇನೋ ಹೌದು. ಆದರೆ ಅದನ್ನು ಇಟ್ಟುಕೊಂಡರೆ ನನ್ನ ಎದೆ ಸ್ಟೀರಿಂಗಿಗೆ ಒಂದು ಗೇಣು ದೂರವೂ ಇರುವುದಿಲ್ಲ. ಸ್ಟೀರಿಂಗ್ ನಡುವಿನಿಂದ ಎದೆಮೂಳೆಗೆ ಕಡಿಮೆ ಅಂದರೂ ಹತ್ತು ಇಂಚು, ಅಂದರೆ 25 ಸೆಂಟಿಮೀಟರ್ ಇರಲಿ ಅಂತ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಹೇಳುತ್ತದೆ. ಏರ್‌ಬ್ಯಾಗ್ ಉಬ್ಬುವುದು ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ. ಪೂರ್ತಿ ಉಬ್ಬಿದ ಮೇಲೆ ತಾಗಿದರೆ ಅದು ಕಾಪಾಡುತ್ತದೆ. ಉಬ್ಬುತ್ತಿರುವಾಗಲೇ ಮುಖ ಕೊಟ್ಟರೆ ಹೊಡೆಯುತ್ತದೆ. ದಿಂಬು ಬೇಡ ಅಂದೆ. ಸೀಟಿನ ಎತ್ತರ ಏರಿಸಿ, ಬೆನ್ನನ್ನು ತುಸು ಹಿಂದಕ್ಕೆ ವಾಲಿಸಿ, ಸ್ಟೀರಿಂಗನ್ನು ಕೆಳಗೆ ಇಳಿಸಿಕೊಂಡೆ. ಈಗ ಅದರ ಮುಖ ನನ್ನ ಎದೆ ಕಡೆಗಿದೆ, ಗದ್ದದ ಕಡೆಗಲ್ಲ. ಟೇಪು ಹಿಡಿದು ಅಳೆದೆ, ಹತ್ತು ಇಂಚು ಸಿಕ್ಕಿತು. ನಮ್ಮನೆಯವರು ಟೇಪು ನೋಡಿ ಆ ಕಡೆ ಮುಖ ತಿರುಗಿಸಿಕೊಂಡರು.

ಅವರ ಸರದಿ ಆಮೇಲೆ ಬಂತು, ಗಣಪತಿ ರೂಪದಲ್ಲಿ. ಡ್ಯಾಶ್‌ಬೋರ್ಡಿನ ಎಡಗಡೆ, ಸರಿಯಾಗಿ ಪ್ಯಾಸೆಂಜರ್ ಏರ್‌ಬ್ಯಾಗ್ ಮುಚ್ಚಳದ ಮೇಲೆ, ಡಬಲ್ ಟೇಪ್ ಹಾಕಿ ಲೋಹದ ವಿಗ್ರಹ ಕೂರಿಸಲು ಅಂಗಡಿಯವರು ಸಿದ್ಧರಾಗಿದ್ದರು. ಮುಚ್ಚಳ ತೆರೆದರೆ ವಿಘ್ನೇಶ್ವರ ನೇರ ನಮ್ಮನೆಯವರ ಹಣೆಗೇ ಬರುತ್ತಾನೆ. ಎಡಕ್ಕೂ ಬೇಡ, ನಡುವೆಯೂ ಬೇಡ ಅಂದೆ. ಈಗ ಸ್ಪೀಡೋಮೀಟರ್ ಪಕ್ಕ ತೆಳುವಾದ ಸ್ಟಿಕ್ಕರ್ ಗಣಪತಿ ಇದ್ದಾನೆ. ಮನೆಯಲ್ಲಿ ಒಂದು ವಾರ ಬೇಸರ ಇತ್ತು.

ಕಾರಿನ ಬಂಪರ್ ಮುಂದೆ ಕೂರಿಸುವ ಲೋಹದ ಚೌಕಟ್ಟು, ಬುಲ್ ಗಾರ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಅದು ಕಾನೂನಿಗೆ ವಿರುದ್ಧ ಅಂತ ರಾಜ್ಯಗಳಿಗೆ ಬರೆದಿದೆ. ಆದರೂ ಅಂಗಡಿ ಮುಂದೆ ನೇತುಹಾಕಿದ್ದಾರೆ.

ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಬಿಲ್ ಮಾಡುವಾಗ. “ಇದು ನಮ್ಮ ಕಡೆಯಿಂದ ಫ್ರೀ” ಅಂತ ಎರಡು ಚಿಕ್ಕ ಲೋಹದ ಕ್ಲಿಪ್ ಮುಂದಿಟ್ಟರು. ಬೆಲ್ಟ್ ಹಾಕದೆ ಬಕಲಿಗೆ ಇದನ್ನು ಸಿಕ್ಕಿಸಿದರೆ ಬೀಪ್ ಬೀಪ್ ನಿಲ್ಲುತ್ತದೆ. 2022ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡಾಗ ದೇಶವೆಲ್ಲ ಹಿಂದಿನ ಸೀಟಿನ ಬೆಲ್ಟ್ ಬಗ್ಗೆ ಮಾತಾಡಿತ್ತು. ಮರುವರ್ಷ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಸೇರಿ ಐದು ಆನ್‌ಲೈನ್ ಅಂಗಡಿಗಳಿಗೆ ಈ ಕ್ಲಿಪ್ ತೆಗೆದುಹಾಕಿ ಅಂತ ಆದೇಶ ಕೊಟ್ಟಿತು. ಹದಿಮೂರು ಸಾವಿರಕ್ಕೂ ಹೆಚ್ಚು ಲಿಸ್ಟಿಂಗ್ ತೆಗೆದರು. ಅಲ್ಲಿಂದ ಓಡಿಸಿದ ಸಾಮಾನು ಇಲ್ಲಿ ಉಡುಗೊರೆಯಾಗಿ ಸಿಗುತ್ತಿದೆ. “ಏರ್‌ಬ್ಯಾಗ್ ಇದೆಯಲ್ಲಾ ಮೇಡಂ, ಸಿಟಿ ಒಳಗೆ ಬೆಲ್ಟ್ ಯಾಕೆ?” ಅಂದರು ಮಾಲೀಕರು. ಬೆಲ್ಟ್ ಇಲ್ಲದಿದ್ದರೆ ಬ್ರೇಕ್ ಒತ್ತಿದಾಗಲೇ ಮೈ ಮುಂದಕ್ಕೆ ಜಾರಿರುತ್ತದೆ. ಚೀಲ ಉಬ್ಬುವ ಹೊತ್ತಿಗೆ ನಾನು ಕಷ್ಟಪಟ್ಟು ಅಳೆದ ಆ ಹತ್ತು ಇಂಚು ಎಲ್ಲಿ ಉಳಿಯಿತು? ಬೆಲ್ಟ್ ಹಿಡಿದುಕೊಂಡಿರಬೇಕು, ಚೀಲ ಅದರ ಮೇಲೆ ಸಹಾಯಕ್ಕೆ ಬರಬೇಕು. ಈ ಕಾರುಗಳನ್ನು ಮಾಡಿರುವುದೇ ಹಾಗೆ. ಸುಮ್ನೆ ಬೀಪ್ ಕಿರಿಕಿರಿ ಅಂತ ಅದನ್ನು ಕೊಲ್ಲುತ್ತಾರೆ. ಬೆಲ್ಟ್ ಹಾಕದಿದ್ದರೆ ಕಾಯ್ದೆಯಲ್ಲಿ ಸಾವಿರ ರೂಪಾಯಿ ದಂಡ ಇದೆ, ಅದು ಕೊನೆಯ ಚಿಂತೆ. ಬೆಲ್ಟ್ ಭುಜಕ್ಕೆ ಒತ್ತದ ಹಾಗೆ ಸಡಿಲ ಹಿಡಿದಿಡುವ ಪ್ಲಾಸ್ಟಿಕ್ ಹಿಡಿಕೆಯೂ ಅಲ್ಲೇ ಇತ್ತು. ಅದನ್ನೂ ವಾಪಸ್ ತಳ್ಳಿದೆ.

ಇನ್ನೊಂದು ಕೊರತೆ. ಪರ್ಫ್ಯೂಮ್ ಹತ್ತಾರು ಥರ ಇದೆ, ನೀಲಿ ದೀಪ ಇದೆ, ಮಗುವಿನ ಸೀಟು ಒಂದೂ ಇಲ್ಲ. ಮೊಮ್ಮಗಳಿಗೆ ಬೇಕಿತ್ತು. “ಮುಂದೆ ತೊಡೆ ಮೇಲೆ ಕೂರಿಸ್ಕೊಳ್ಳಿ, ಚಿಕ್ಕ ಪಾಪು ತಾನೇ” ಅಂದರು. ತೊಡೆ ಮೇಲೆ ಕೂತ ಮಗು ಅಂದರೆ ಏರ್‌ಬ್ಯಾಗಿಗೂ ದೊಡ್ಡವರಿಗೂ ನಡುವೆ ಕೂತ ಮಗು. ಏರ್‌ಬ್ಯಾಗ್ ಬಡಿದು ಮುಂದೆ ಕೂತ ಮಕ್ಕಳು ಸತ್ತ ಸುದ್ದಿ 2024ರಲ್ಲಿ ಕೇರಳದಿಂದಲೂ ಬಂತು, ನವಿ ಮುಂಬೈಯಿಂದಲೂ ಬಂತು. ಹಿಂದಕ್ಕೆ ಮುಖ ಮಾಡಿ ಕೂರಿಸುವ ಕೂಸಿನ ಸೀಟನ್ನಂತೂ ಏರ್‌ಬ್ಯಾಗ್ ಆನ್ ಇರುವ ಮುಂದಿನ ಸೀಟಿನಲ್ಲಿ ಇಡಲೇಬಾರದು ಅಂತ ಸನ್‌ವೈಸರ್ ಮೇಲೇ ಚಿತ್ರ ಬರೆದು ಅಂಟಿಸಿದ್ದಾರೆ. ಕೊನೆಗೆ ಐಸೋಫಿಕ್ಸ್ ಸೀಟನ್ನು, ಅಂದರೆ ಕಾರಿನಲ್ಲೇ ಇರುವ ಕೊಂಡಿಗಳಿಗೆ ಸಿಕ್ಕಿಸುವ ಮಗುವಿನ ಸೀಟನ್ನು, ಬೇರೆ ಕಡೆಯಿಂದ ತರಿಸಿ ಹಿಂದೆ ಹಾಕಿದೆವು.

ಮೂರು ಸ್ಟಾರಿನಲ್ಲಿ ಎರಡು ಆ ಹುಡುಗನಿಗೆ, ಒಂದು ಹೊಲಿಗೆಗೆ. ಹೋಗುವುದಾದರೆ ಭಾನುವಾರ ಬೇಡ, ಗಾಡಿ ನಿಲ್ಲಿಸಲು ಜಾಗ ಸಿಗದೆ ರಸ್ತೆಯಲ್ಲೇ ಅವಸರದಲ್ಲಿ ಕವರ್ ಎಳೆದು ಕಟ್ಟುತ್ತಾರೆ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಹೋಗಿ, ಸೈಡ್ ಓಪನ್ ಸೆಟ್ ಅಂತ ಹೆಸರು ಹಿಡಿದು ಕೇಳಿ, ಬಿಲ್ಲಿನಲ್ಲೂ ಹಾಗೇ ಬರೆಸಿಕೊಳ್ಳಿ.