ವಿಶ್ವಸಂಸ್ಥೆಯ ಜನಸಂಖ್ಯಾ ದತ್ತಾಂಶ ಸೇವೆ: ಬಳಸಿ, ಆದರೆ ನಡುಗೆರೆಗೆ ಜೋತುಬೀಳಬೇಡಿ

ಜನಸಂಖ್ಯೆಗೂ ಸರ್ಕಾರದ ನೀತಿಗೂ ಇರುವ ನಂಟನ್ನು ಅರಿಯಬಯಸುವವರು ಮೊದಲು ತೆರೆದು ನೋಡಬೇಕಾದದ್ದು ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗದ ‘ವರ್ಲ್ಡ್ ಪಾಪ್ಯುಲೇಷನ್ ಪ್ರಾಸ್ಪೆಕ್ಟ್ಸ್’ ಎಂಬ ದತ್ತಾಂಶ ಸೇವೆಯನ್ನು. ಅದರ 2024ರ ಆವೃತ್ತಿಯಲ್ಲಿ 237 ದೇಶ ಮತ್ತು ಪ್ರದೇಶಗಳ 1950ರಿಂದೀಚಿನ ಅಂದಾಜುಗಳೂ 2100ರವರೆಗಿನ ಮುನ್ನಂದಾಜುಗಳೂ ಉಚಿತವಾಗಿ ಸಿಗುತ್ತವೆ.

ಒಂದೊಂದು ವಯಸ್ಸಿನವರು ಎಷ್ಟು ಮಂದಿ ಇದ್ದಾರೆ ಎಂಬ ವಿಂಗಡಣೆಯೇ ಈ ಸೇವೆಯ ದೊಡ್ಡ ಬಲ. ನೈಜರ್ ದೇಶದ ಅರ್ಧದಷ್ಟು ಜನ ಸುಮಾರು 15 ವರ್ಷಕ್ಕಿಂತ ಕಿರಿಯರು. ಜಪಾನಿನಲ್ಲಿ ಜನರನ್ನು ಹೀಗೆ ಇಬ್ಭಾಗಿಸುವ ವಯಸ್ಸು 49ರ ಆಸುಪಾಸಿನಲ್ಲಿದೆ. ಹಾಗಾಗಿ ನೈಜರ್‌ನಲ್ಲಿ ತರಗತಿ, ಲಸಿಕೆ ಮತ್ತು ಮೊದಲ ಉದ್ಯೋಗದ ಪ್ರಶ್ನೆ ಎದ್ದರೆ, ಜಪಾನಿನಲ್ಲಿ ಪಿಂಚಣಿ, ವೃದ್ಧರ ಆರೈಕೆ ಮತ್ತು ದುಡಿಯುವ ಕೈಗಳ ಕೊರತೆ ಬಜೆಟ್ಟನ್ನು ಆಳುತ್ತವೆ. ಚೀನಾದ ಕೋಷ್ಟಕವನ್ನಂತೂ ನಿಧಾನವಾಗಿ ಓದಬೇಕು. ಒಂದೇ ಮಗುವಿನ ನಿಯಮವನ್ನು 2016ರಲ್ಲಿ ಕೈಬಿಟ್ಟು, 2021ರಲ್ಲಿ ಮೂರು ಮಕ್ಕಳಿಗೆ ಅನುಮತಿ ಕೊಟ್ಟ ಮೇಲೂ 2022ರಿಂದ ಅಲ್ಲಿನ ಜನಸಂಖ್ಯೆ ಇಳಿಯತೊಡಗಿತು. ಹೆರುವ ವಯಸ್ಸಿಗೆ ಬರಬೇಕಾಗಿದ್ದ ಹೆಣ್ಣುಮಕ್ಕಳ ಸಂಖ್ಯೆ ಎರಡು ಮೂರು ದಶಕಗಳ ಹಿಂದೆಯೇ ಕುಗ್ಗಿತ್ತು ಎಂಬುದು ವಯಸ್ಸಿನ ಸಾಲುಗಳಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ನೀತಿ ಬದಲಾದ ವರ್ಷಕ್ಕೂ ಅದರ ಫಲ ಕಾಣುವ ವರ್ಷಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಬೇರೆ ಸಾಧನವನ್ನು ನಾನು ಕಂಡಿಲ್ಲ.

ಬಳಕೆಯಲ್ಲಿ ತೊಡಕುಗಳಿವೆ. ಎಕ್ಸೆಲ್ ಕಡತದ ಮೊದಲ 16 ಸಾಲುಗಳು ಶೀರ್ಷಿಕೆ, ಟಿಪ್ಪಣಿಗಳಿಗೇ ಮೀಸಲು, ಅಂಕಿಗಳು ಸಾವಿರಗಳಲ್ಲಿವೆ, ಜನವರಿ 1ರ ಮತ್ತು ಜುಲೈ 1ರ ಜನಸಂಖ್ಯೆಗಳು ಅಕ್ಕಪಕ್ಕದ ಕಾಲಂಗಳಲ್ಲಿವೆ. ಖಂಡಗಳು, ಆದಾಯದ ಗುಂಪುಗಳು ಮತ್ತು ದೇಶಗಳು ಒಂದೇ ಪಟ್ಟಿಯಲ್ಲಿ ಇರುವುದರಿಂದ ಇಡೀ ಕಾಲಂ ಕೂಡಿದರೆ ಒಬ್ಬೊಬ್ಬರನ್ನು ಹಲವು ಸಲ ಎಣಿಸಿದಂತಾಗುತ್ತದೆ.

ನನ್ನ ಮುಖ್ಯ ಆಕ್ಷೇಪ ಮಾತ್ರ ಬೇರೆಯದು. ವಿಶ್ವದ ಜನಸಂಖ್ಯೆ 2080ರ ದಶಕದ ಮಧ್ಯದಲ್ಲಿ ಸುಮಾರು 1,030 ಕೋಟಿಗೆ ಮುಟ್ಟಿ ಇಳಿಯತೊಡಗುತ್ತದೆ ಎಂಬುದು ಮಧ್ಯಮ ಅಂದಾಜು, ಅಂದರೆ ಹಲವು ಸಾಧ್ಯತೆಗಳ ನಡುವೆ ಹಾಯುವ ನಡುಗೆರೆ. ಆದರೆ ಈ ಶತಮಾನದೊಳಗೇ ಇಳಿಕೆ ಆರಂಭವಾಗುವ ಸಂಭವವನ್ನು ಇದೇ ಸೇವೆ ಶೇ. 80 ಎಂದಷ್ಟೇ ಹೇಳುತ್ತದೆ. ಆ ಶೇಕಡಾವಾರು, ಮತ್ತು ಪ್ರತಿ ಮಹಿಳೆಗೆ ಅರ್ಧ ಮಗು ಹೆಚ್ಚಾದರೆ ಅಥವಾ ಕಡಿಮೆಯಾದರೆ ಏನಾದೀತು ಎಂಬ ಪರ್ಯಾಯ ಲೆಕ್ಕ, ಎರಡೂ ಬೇರೆ ಪುಟಗಳಲ್ಲಿ ಉಳಿದುಬಿಡುತ್ತವೆ. ಸುದ್ದಿಯಾಗುವುದು ನಡುಗೆರೆ ಒಂದೇ. ಅದರ ಹಿಂದೆಯೂ ಊಹೆಗಳಿವೆ. 2023ರಲ್ಲಿ ದಕ್ಷಿಣ ಕೊರಿಯಾದ ಒಟ್ಟು ಫಲವಂತಿಕೆ ದರ (ಒಬ್ಬ ಮಹಿಳೆ ಜೀವಮಾನದಲ್ಲಿ ಸರಾಸರಿ ಹೆರುವ ಮಕ್ಕಳ ಸಂಖ್ಯೆ) 0.72ಕ್ಕೆ ಇಳಿದಿತ್ತು, ಇಷ್ಟು ತಳಮಟ್ಟ ಮುಟ್ಟಿದ ದೇಶಗಳಲ್ಲಿ ಜನನ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ ಎಂದು ಮಧ್ಯಮ ಅಂದಾಜು ಎಣಿಸುತ್ತದೆ. ಹಾಗಾಗದಿದ್ದರೆ, ಅದನ್ನೇ ನಂಬಿ ರೂಪಿಸಿದ ಪಿಂಚಣಿ ಯೋಜನೆಗೆ ವಂತಿಗೆ ಕಟ್ಟುವವರು ಲೆಕ್ಕಕ್ಕಿಂತ ಕಡಿಮೆಯಾಗುತ್ತಾರೆ, ಮತ್ತು ಅದರ ಹೊರೆ ಇಂದು ಶಾಲೆಯಲ್ಲಿರುವ ಮಕ್ಕಳ ಮೇಲೆ ಬೀಳುತ್ತದೆ.

ಇನ್ನು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯವನ್ನು ನೋಡಿ. ಅಲ್ಲಿ ಕೊನೆಯ ಜನಗಣತಿ ನಡೆದದ್ದು 1984ರಲ್ಲಿ. ಆದರೂ ಅದರ 2024ರ ಸುಮಾರು 10.9 ಕೋಟಿ ಜನರ ಅಂದಾಜು, ನಿಯಮಿತವಾಗಿ ಗಣತಿ ನಡೆಸುವ ದೇಶಗಳ ಅಂಕಿಗಳಷ್ಟೇ ಖಚಿತವೆಂಬಂತೆ ಅದೇ ಕೋಷ್ಟಕದಲ್ಲಿ ಕುಳಿತಿದೆ. ಮುಂದಿನ ಆವೃತ್ತಿಯ ಮುಖ್ಯ ಕೋಷ್ಟಕದಲ್ಲಿ ಪ್ರತಿ ದೇಶದ ಹೆಸರಿನ ಪಕ್ಕದಲ್ಲೇ ಕೊನೆಯ ಗಣತಿಯ ವರ್ಷವನ್ನು ನಮೂದಿಸಬೇಕು. ಅಲ್ಲಿಯವರೆಗೆ ಬಳಕೆದಾರರು ಮೂಲಗಳ ಪುಟವನ್ನೂ ತೆರೆದಿಟ್ಟುಕೊಂಡೇ ಅಂಕಿಗಳನ್ನು ಓದಬೇಕಾಗುತ್ತದೆ.