ಸ್ಪ್ಲಿಟ್, ಪಾರ್ಟಿಷನ್, ಶ್‌ಲೆಕ್ಸ್: ಬಾಟ್‌ಗೆ ಬಂದ ಸಂದೇಶವನ್ನು ಯಾವುದರಿಂದ ಕತ್ತರಿಸಬೇಕು?

ಪರೀಕ್ಷೆಗೆ ಇಟ್ಟುಕೊಂಡ ಸಂದೇಶ ಇದು: /ರಿಮೈಂಡ್, ಎರಡು ಸ್ಪೇಸ್, 10, ಒಂದು ಸ್ಪೇಸ್, "ಹಾಲು ತರಬೇಕು", ಆಮೇಲೆ ಎಂಟರ್ ಒತ್ತಿ ಹೊಸ ಸಾಲಿನಲ್ಲಿ "ಮೊಸರೂ". ಹತ್ತು ನಿಮಿಷ ಬಿಟ್ಟು ಟೆಲಿಗ್ರಾಂ ಬಾಟ್ (ಚಾಟ್‌ನಲ್ಲಿ ತಾನಾಗಿ ಉತ್ತರಿಸುವ ಪ್ರೋಗ್ರಾಂ) ಈ ಎರಡು ಸಾಲನ್ನು ಇದ್ದಂತೆಯೇ ವಾಪಸ್ ಕಳಿಸಬೇಕು. ಟೆಲಿಗ್ರಾಂ ಕಮಾಂಡ್‌ಗೆ ರೋಮನ್ ಅಕ್ಷರವೇ ಬೇಕು, ಇಲ್ಲಿ ಓದುವ ಅನುಕೂಲಕ್ಕೆ ಕನ್ನಡದಲ್ಲಿದೆ. ಎರಡು ಸ್ಪೇಸ್ ಬೇಕೆಂದೇ ಇಟ್ಟದ್ದು. ಫೋನಿನಲ್ಲಿ ಟೈಪ್ ಮಾಡುವವರು ಸ್ಪೇಸ್ ಎಣಿಸುತ್ತಾ ಕೂರುವುದಿಲ್ಲ.

ಪೈಥಾನ್‌ನಲ್ಲಿ ಪಠ್ಯ ಕತ್ತರಿಸುವ ಸ್ಪ್ಲಿಟ್‌ಗೆ ಏನೂ ಹೇಳದೆ ಬರಿಯ ಸ್ಪ್ಲಿಟ್() ಕೊಟ್ಟರೆ, ಸ್ಪೇಸ್, ಹೊಸ ಸಾಲು ಇರುವಲ್ಲೆಲ್ಲ ಕತ್ತರಿ ಬಿದ್ದು ಐದು ತುಂಡು: ಕಮಾಂಡ್, 10, ಹಾಲು, ತರಬೇಕು, ಮೊಸರೂ. ಸ್ಪ್ಲಿಟ್(' ') ಎಂದು ಸ್ಪೇಸನ್ನು ಬಾಯಿಬಿಟ್ಟು ಹೇಳಿದರೂ ಐದೇ ತುಂಡು, ಮೋಸ ಇರುವುದು ಅಲ್ಲೇ. ಎರಡನೆಯ ತುಂಡು ಖಾಲಿ, 10 ಮೂರನೆಯ ಜಾಗಕ್ಕೆ ಸರಿದಿದೆ, "ತರಬೇಕು" ಮತ್ತು "ಮೊಸರೂ" ಹೊಸ ಸಾಲಿನ ಗುರುತಿನ ಸಮೇತ ಒಂದಕ್ಕೊಂದು ಅಂಟಿಕೊಂಡಿವೆ. ತುಂಡುಗಳ ಲೆಕ್ಕ ಮಾತ್ರ ನೋಡುವ ಕೋಡ್ ಇದನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಮುಂದಿನ ಸಾಲಿನಲ್ಲಿ ಖಾಲಿ ಸ್ಟ್ರಿಂಗನ್ನು (ಸ್ಟ್ರಿಂಗ್ ಎಂದರೆ ಅಕ್ಷರಗಳ ಸಾಲು) ಸಂಖ್ಯೆ ಮಾಡಲು ಹೋಗಿ ವ್ಯಾಲ್ಯೂ ಎರರ್ ಎಸೆಯುತ್ತದೆ. ಇನ್ನೊಂದು ವ್ಯತ್ಯಾಸ: ಖಾಲಿ ಸಂದೇಶಕ್ಕೆ ಸ್ಪ್ಲಿಟ್() ಖಾಲಿ ಪಟ್ಟಿ ಕೊಡುತ್ತದೆ, ಸ್ಪ್ಲಿಟ್(' ') ಖಾಲಿ ಸ್ಟ್ರಿಂಗ್ ಇರುವ ಒಂದಂಶದ ಪಟ್ಟಿ ಕೊಡುತ್ತದೆ.

ಹಾಗೆಂದು ಬರಿಯ ಸ್ಪ್ಲಿಟ್() ಗೆದ್ದಿತು ಎನ್ನುವಂತಿಲ್ಲ. ತುಂಡುಗಳನ್ನು ಮತ್ತೆ ಸ್ಪೇಸ್ ಹಾಕಿ ಜಾಯಿನ್ ಮಾಡಿದರೆ "ಹಾಲು ತರಬೇಕು ಮೊಸರೂ" ಎಂದು ಒಂದೇ ಸಾಲಾಗುತ್ತದೆ. ವಿಳಾಸ, ಪದ್ಯ, ಸಾಮಾನಿನ ಪಟ್ಟಿ ಎಲ್ಲದರ ಗತಿಯೂ ಇದೇ. ಪೈಥಾನ್ ಟೆಲಿಗ್ರಾಂ ಬಾಟ್ ಲೈಬ್ರರಿ ಕೊಡುವ ಆರ್ಗ್ಸ್ (ಕಮಾಂಡ್ ನಂತರದ ಪದಗಳ) ಪಟ್ಟಿಯೂ ಒಳಗೊಳಗೆ ಇದೇ ರೀತಿ ಕತ್ತರಿಸಿದ್ದು. ಊರಿನ ಹೆಸರು, ಸಂಖ್ಯೆಯಂಥ ಒಂಟಿ ಪದಗಳಿಗೆ ಅದು ಚೆನ್ನ, ಬರಹಕ್ಕೆ ಸಲ್ಲದು.

ಈ ಕೆಲಸಕ್ಕೆ ಸರಿಹೊಂದುವುದು, ಬರಿಯ ಸ್ಪ್ಲಿಟ್‌ಗೇ ಹೆಚ್ಚೆಂದರೆ ಎಷ್ಟು ಕಡೆ ಕತ್ತರಿಸಬೇಕೆಂದು ಹೇಳುವ ಮ್ಯಾಕ್ಸ್‌ಸ್ಪ್ಲಿಟ್. ಅದಕ್ಕೆ 2 ಕೊಟ್ಟರೆ ಎರಡೇ ಕಡೆ ಕತ್ತರಿ ಬಿದ್ದು ಮೂರು ತುಂಡಾಗುತ್ತದೆ, ಮೂರನೆಯದರಲ್ಲಿ ಎರಡು ಸಾಲೂ ಹಾಗೇ ಇರುತ್ತವೆ. ಕೊನೆಯಲ್ಲಿ ಬಾಲದಂತೆ ಸ್ಪೇಸ್ ಇದ್ದರೆ ಅದೂ ಉಳಿಯುತ್ತದೆ, ಬೇಡವಾದರೆ ಸ್ಟ್ರಿಪ್ ಮಾಡಿ. ಡಿಸ್ಕಾರ್ಡ್ ಬಾಟ್‌ಗೆಂದು ಇದನ್ನೇ ಜಾವಾಸ್ಕ್ರಿಪ್ಟ್‌ಗೆ ಸಾಗಿಸುವವರು ಎಡವುವುದು ಇಲ್ಲೇ. ಅಲ್ಲಿನ ಸ್ಪ್ಲಿಟ್‌ಗೆ ಎರಡನೆಯ ಆರ್ಗ್ಯುಮೆಂಟಾಗಿ 2 ಕೊಟ್ಟರೆ ಮೊದಲ ಎರಡು ತುಂಡು ಮಾತ್ರ ಸಿಗುತ್ತವೆ, ಮಿಕ್ಕಿದ್ದು ಸದ್ದಿಲ್ಲದೆ ಮಾಯ. ಎರರ್ ಕೂಡ ಬರುವುದಿಲ್ಲ. ಹಾಗೆಯೇ ಬಳಕೆದಾರ "೧೦" ಎಂದು ಕನ್ನಡ ಅಂಕಿ ಬರೆದರೆ ಪೈಥಾನ್‌ನ ಇಂಟ್ ಅದನ್ನು ಹತ್ತು ಎಂದೇ ಓದುತ್ತದೆ, ಜಾವಾಸ್ಕ್ರಿಪ್ಟ್‌ನ ನಂಬರ್ "ಸಂಖ್ಯೆಯಲ್ಲ" ಎಂದು ಕೈಚೆಲ್ಲುತ್ತದೆ.

ಪಾರ್ಟಿಷನ್ ಯಾವಾಗಲೂ ಮೂರು ಭಾಗ ಕೊಡುತ್ತದೆ: ಗುರುತಿಗಿಂತ ಮೊದಲಿನದು, ಬೇರ್ಪಡಿಸುವ ಆ ಗುರುತು, ಅದರ ನಂತರದ್ದು. ಗುರುತು ಸಿಗದಿದ್ದರೆ ಕೊನೆಯ ಎರಡು ಖಾಲಿ. ಆದ್ದರಿಂದ ಇಲ್ಲದ ತುಂಡನ್ನು ಕೇಳಿದಾಗ ಬರುವ ಇಂಡೆಕ್ಸ್ ಎರರ್‌ನ ಕಾಟವಿಲ್ಲ. ಗ್ರೂಪ್‌ಗಳಲ್ಲಿ ಕಮಾಂಡ್‌ನ ಬೆನ್ನಿಗೆ @ ಮತ್ತು ಬಾಟ್‌ನ ಹೆಸರು ಅಂಟಿಕೊಂಡು ಬರುತ್ತವಲ್ಲ, ಅದನ್ನು ಬಿಡಿಸಲು ಇದರಷ್ಟು ಹಗುರವಾದದ್ದು ಇಲ್ಲ: @ ಇರಲಿ, ಬಿಡಲಿ, ಮೊದಲ ಭಾಗವೇ ಕಮಾಂಡ್. ಸ್ಪೇಸ್ ಆಧಾರದಲ್ಲಿ ಕತ್ತರಿಸಲು ಮಾತ್ರ ಸ್ವಲ್ಪ ಪೆದ್ದು. ನಮ್ಮ ಸಂದೇಶದಲ್ಲಿ ಎರಡನೆಯ ಸ್ಪೇಸನ್ನು 10ರ ಮುಂದೆಯೇ ಬಿಟ್ಟಿತು. ಕಮಾಂಡ್ ಆದ ತಕ್ಷಣ ಎಂಟರ್ ಒತ್ತಿದ್ದರೆ ಕತ್ತರಿ ತಪ್ಪು ಜಾಗದಲ್ಲಿ ಬೀಳುತ್ತದೆ.

ಉದ್ಧರಣ ಚಿಹ್ನೆಯೊಳಗಿನ ಹಲವು ಪದಗಳನ್ನು ಒಂದೇ ತುಂಡಾಗಿ ಉಳಿಸಿಕೊಳ್ಳುವುದು ಪೈಥಾನ್‌ನ ಶ್‌ಲೆಕ್ಸ್. ಕಾಗದದ ಮೇಲೆ ಚೆಂದ. ಆದರೆ ಒಂಟಿ ಅಪಾಸ್ಟ್ರಫಿ ಬಂದರೂ "ಮುಚ್ಚುವ ಚಿಹ್ನೆ ಇಲ್ಲ" ಎಂದು ವ್ಯಾಲ್ಯೂ ಎರರ್ ಕೊಡುತ್ತದೆ, ಬ್ಯಾಕ್‌ಸ್ಲ್ಯಾಷನ್ನು ನುಂಗುತ್ತದೆ. ಕೆಲವು ಫೋನ್ ಕೀಬೋರ್ಡ್‌ಗಳು ತಾವಾಗಿಯೇ ಹಾಕುವ ಬಾಗಿದ ಉದ್ಧರಣ ಚಿಹ್ನೆ ಅದಕ್ಕೆ ಚಿಹ್ನೆಯೇ ಅಲ್ಲ. ಅಡ್ಮಿನ್‌ಗಳಷ್ಟೇ ಬಳಸುವ ಕಮಾಂಡ್‌ಗೆ ಇಟ್ಟುಕೊಳ್ಳಬಹುದು, ಅದೂ ಎರರ್ ಹಿಡಿಯುವ ಟ್ರೈ ಬ್ಲಾಕ್‌ನ ಒಳಗೆ.

ರೆಗೆಕ್ಸ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ವಿಧಾನ) ವಿಷಯಕ್ಕೆ ಬಂದರೆ, ಪದ ಬಿಡಿಸಲು ಬ್ಯಾಕ್‌ಸ್ಲ್ಯಾಷ್ ದೊಡ್ಡ ಡಬ್ಲ್ಯು ಪ್ಲಸ್ (\W+, ಅಂದರೆ ಪದದ ಭಾಗವಲ್ಲದ್ದೆಲ್ಲ) ಬಳಸುವ ರೂಢಿ ಇಂಗ್ಲಿಷ್ ಬಾಟ್‌ಗಳದ್ದು. ಪೈಥಾನ್‌ನ ಜೊತೆಗೇ ಬರುವ ರೆಗೆಕ್ಸ್ ಮಾಡ್ಯೂಲ್‌ಗೆ ನಮ್ಮ ಗುಣಿತ ಚಿಹ್ನೆಗಳೂ ವಿರಾಮವೂ (ಒತ್ತಕ್ಷರ ಕೂಡಿಸುವ ಹಲಂತ ಗುರುತು) ಪದದ ಭಾಗವಲ್ಲ. "ಹಾಲು ತರಬೇಕು" ಕೊಟ್ಟರೆ ಬರುವುದು ಹ, ಲ, ತರಬ, ಕ ಮತ್ತು ಒಂದು ಖಾಲಿ ತುಂಡು. "ಕನ್ನಡ" ಎಂಬ ಪದವೇ "ಕನ", "ನಡ" ಆಗುತ್ತದೆ. ಕನ್ನಡ ಬಾಟ್‌ನಲ್ಲಿ ಇದನ್ನು ಮುಟ್ಟಲೇಬೇಡಿ. ಸ್ಪೇಸ್, ಅಲ್ಪವಿರಾಮ, ಪೂರ್ಣವಿರಾಮಗಳನ್ನು ಚೌಕ ಆವರಣದಲ್ಲಿ ಹೆಸರಿಸಿ ಕತ್ತರಿಸಿ.

ಜೋಡಿಸುವ ಕಡೆ ಪೈಪೋಟಿ ಅಷ್ಟಿಲ್ಲ. ಲೂಪ್‌ನಲ್ಲಿ ಪ್ಲಸ್ ಹಾಕುತ್ತಾ ಹೋದರೆ ಕೊನೆಗೊಂದು ಅನಾಥ ಅಲ್ಪವಿರಾಮ ಉಳಿಯುತ್ತದೆ, ಜಾಯಿನ್‌ನಲ್ಲಿ ಆ ತಾಪತ್ರಯವಿಲ್ಲ. ಪೈಥಾನ್‌ನ ಜಾಯಿನ್ ಪಟ್ಟಿಯಲ್ಲಿ ಒಂದು ಸಂಖ್ಯೆ ಸೇರಿದ್ದರೂ ಟೈಪ್ ಎರರ್ ಕೊಟ್ಟು ನಿಲ್ಲುತ್ತದೆ, ಮೊದಲೇ ಎಲ್ಲವನ್ನೂ ಸ್ಟ್ರಿಂಗ್ ಮಾಡಿಕೊಳ್ಳಬೇಕು. ಜಾವಾಸ್ಕ್ರಿಪ್ಟ್‌ನದು ಸಂಖ್ಯೆಯನ್ನು ನುಂಗಿಕೊಳ್ಳುತ್ತದೆ, ನಲ್ (ಬೆಲೆಯೇ ಇಲ್ಲ ಎಂಬ ಗುರುತು) ಇದ್ದ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತದೆ. ಪೈಥಾನ್‌ನ ಜಾಯಿನ್‌ಗೆ ಪಟ್ಟಿಯ ಬದಲು ಕೈತಪ್ಪಿ ಒಂದೇ ಸ್ಟ್ರಿಂಗ್ ಕೊಟ್ಟಿರೋ, "ಕನ್ನಡ" ಎಂಬುದು ಕ, ನ, ವಿರಾಮ, ನ, ಡ ಎಂದು ಐದಾಗಿ ಒಡೆದು ನಡುವೆ ಅಲ್ಪವಿರಾಮ ಕೂರುತ್ತದೆ.

ಉದ್ದ ಉತ್ತರದ ಮಿತಿ ಟೆಲಿಗ್ರಾಂನಲ್ಲಿ 4096 ಅಕ್ಷರ, ಸಾಮಾನ್ಯ ಡಿಸ್ಕಾರ್ಡ್ ಬಾಟ್‌ಗೆ 2000. ಕಣ್ಣುಮುಚ್ಚಿ ಅಷ್ಟಷ್ಟಕ್ಕೆ ಸ್ಲೈಸ್ ಮಾಡಿದರೆ ಒತ್ತಕ್ಷರ ಸೀಳಿ, ಮುಂದಿನ ಸಂದೇಶ ತಲೆಯಿಲ್ಲದ ಗುಣಿತ ಚಿಹ್ನೆಯಿಂದ ಶುರುವಾಗಬಹುದು. ಮಿತಿಯೊಳಗಿನ ಕೊನೆಯ ಹೊಸ ಸಾಲನ್ನು, ಬಾಲದ ಕಡೆಯಿಂದ ಹುಡುಕುವ ಆರ್‌ಫೈಂಡ್‌ನಿಂದ ಹುಡುಕಿ, ಇಲ್ಲದಿದ್ದರೆ ಕೊನೆಯ ಸ್ಪೇಸ್, ಅಲ್ಲಿ ಕತ್ತರಿಸಿ.

ಟೆಲಿಗ್ರಾಂ ಬಟನ್ ಹಿಂದಿನ ಕಾಲ್‌ಬ್ಯಾಕ್ ಡೇಟಾ (ಬಟನ್ ಒತ್ತಿದಾಗ ಬಾಟ್‌ಗೆ ಬರುವ ಗುಪ್ತ ಪಠ್ಯ) ಇನ್ನೂ ಬಿಗಿ: 64 ಬೈಟ್, ಅಕ್ಷರವಲ್ಲ. ಅಕ್ಷರಗಳನ್ನು ಬೈಟ್ ಮಾಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ (ಮೂಲಾಕ್ಷರ, ಗುಣಿತ ಚಿಹ್ನೆ, ವಿರಾಮ ಒಂದೊಂದಕ್ಕೂ) 3 ಬೈಟ್. ಬಸ್ ಬಾಟ್‌ನಲ್ಲಿ "ಬೆಂಗಳೂರು:ಚಿಕ್ಕಬಳ್ಳಾಪುರ" ಎಂದು ಕೋಲನ್ ಹಾಕಿ ಜಾಯಿನ್ ಮಾಡಿದರೆ 24, 1, 39 ಸೇರಿ ಸರಿಯಾಗಿ 64 ಬೈಟ್. ತೂರುತ್ತದೆ, ಆದರೆ ಬಸ್ಸಿನ ನಂಬರ್ ಸೇರಿಸಲು ಒಂದು ಬೈಟ್ ಕೂಡ ಉಳಿದಿಲ್ಲ. ಊರಿನ ಹೆಸರನ್ನು ಡೇಟಾಬೇಸ್‌ನಲ್ಲಿಟ್ಟು ಇಲ್ಲಿ "1:27" ಎಂಬಂಥ ಐಡಿ ಕಳಿಸಿ, ಬಟನ್ ಒತ್ತಿದಾಗ ಪಾರ್ಟಿಷನ್(':') ಸಾಕು.